ಕಷ್ಟಕಾಲದಲ್ಲಿ ಕ್ರೈಸ್ತ ವಿಶ್ವಾಸದಲ್ಲಿ ನೆಲೆ ನಿಲ್ಲುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆಯ ಧರ್ಮಕೇಂದ್ರಗಳಲ್ಲೂ ಸಭೆಗಳಲ್ಲೂ ನೊಂದು ಬಂದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಕಥೋಲಿಕರು ಗುರುಗಳು, ಬಲಿಪೂಜೆ ಎನ್ನುತ್ತಾರೆ. ಸಿಎಸ್‌ಐನವರು (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರಾಟೆಸ್ಟಂಟ್ ಸಭೆಯವರು) ಅಯ್ಯನವರು, ಆರಾಧನೆ ಎನ್ನುತ್ತಾರೆ. ನಿಮ್ಮ ಸಭೆಯ ರೂಢಿಗೆ ಹೊಂದಿಸಿಕೊಂಡು ಓದಿ. ಜೀವ ತೆಗೆದುಕೊಳ್ಳಬೇಕು ಎಂಬ ಯೋಚನೆ ಈಗಲೇ ಬರುತ್ತಿದ್ದರೆ ಇದನ್ನು ಓದುತ್ತ ಕೂರಬೇಡಿ. ಪಕ್ಕದಲ್ಲಿರುವವರನ್ನು ಕರೆಯಿರಿ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಕೊಡಬೇಕಿಲ್ಲ.

ದೇವರನ್ನು ನಂಬಿದರೆ ಕಷ್ಟ ಕಡಿಮೆಯಾಗುತ್ತದೆಯೇ?

ಹಾಗೆಂದು ಯೇಸುಸ್ವಾಮಿ ಎಲ್ಲೂ ಮಾತು ಕೊಟ್ಟಿಲ್ಲ. ಮತ್ತಾಯನ ಸುವಾರ್ತೆಯ 7ನೇ ಅಧ್ಯಾಯದ ಕೊನೆಗೆ ಬನ್ನಿ. ಒಬ್ಬ ಬಂಡೆಯ ಮೇಲೆ ಮನೆ ಕಟ್ಟಿದ, ಇನ್ನೊಬ್ಬ ಮರಳಿನ ಮೇಲೆ. ಇಬ್ಬರ ಮನೆಗೂ ಅದೇ ಮಳೆ ಹೊಡೆಯಿತು, ಅದೇ ಪ್ರವಾಹ ಬಂತು, ಅದೇ ಗಾಳಿ ಬೀಸಿತು. ನಂಬಿದವನ ಮನೆಯ ಮೇಲೆ ಬಿಸಿಲಿತ್ತು ಎಂದು ಅಲ್ಲಿ ಬರೆದಿಲ್ಲ. ಒಂದು ಮನೆ ನಿಂತಿತು, ಇನ್ನೊಂದು ಬಿತ್ತು, ಅಷ್ಟೇ.

ಬಂಡೆ ಯಾವುದೆಂದೂ ಸ್ವಾಮಿಯೇ ಹೇಳುತ್ತಾರೆ: ತಮ್ಮ ಮಾತು ಕೇಳಿ ಅದರಂತೆ ನಡೆಯುವುದು. ಕಷ್ಟದಲ್ಲಿರುವವರು ಈ 'ನಡೆಯುವುದು' ಎಂಬುದನ್ನು ಮರೆತು, ಮನಸ್ಸಿಗೆ ಶಾಂತಿ ಬಂತೇ ಬರಲಿಲ್ಲವೇ ಎಂದು ಗಂಟೆಗೊಮ್ಮೆ ತಮ್ಮನ್ನೇ ತಡವಿ ನೋಡಿಕೊಳ್ಳುತ್ತಾರೆ. ಶಾಂತಿ ಬರುತ್ತದೆ, ಹೋಗುತ್ತದೆ. ದಿನಕ್ಕೆ ಇಷ್ಟು ಪ್ರಾರ್ಥನೆ, ವಾರಕ್ಕೊಮ್ಮೆ ಸಭೆ, ಒಬ್ಬರ ಬಳಿ ನಿಜ ಹೇಳಿಕೊಳ್ಳುವುದು, ಹೊಟ್ಟೆಗೆ ಊಟ, ಕಣ್ಣಿಗೆ ನಿದ್ದೆ: ನೆಲೆ ಎಂಬುದು ಇಂಥ ಸಣ್ಣ ಕೆಲಸಗಳನ್ನು ಮನಸ್ಸು ಒಪ್ಪದ ದಿನವೂ ಮಾಡುವುದರಿಂದ ಬರುತ್ತದೆ. ಕೆಳಗಿನ ಉತ್ತರಗಳೆಲ್ಲ ಈ ಕೆಲಸಗಳನ್ನು ಹೇಗೆ ಮಾಡುವುದು, ಎಲ್ಲಿ ಎಡವುತ್ತೇವೆ ಎಂಬುದರ ಬಗ್ಗೆಯೇ.

ಪ್ರಾರ್ಥನೆಗೆ ಕೂತರೆ ಒಂದು ಮಾತೂ ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಹದಿನೈದು ನಿಮಿಷದಿಂದ. ಅದಕ್ಕಿಂತ ಹೆಚ್ಚು ಬೇಡ.

ಮೊದಲು ಹೊತ್ತು ಗೊತ್ತು ಮಾಡಿಕೊಳ್ಳಿ. ಗಡಿಯಾರದ ಹೊತ್ತಿಗಿಂತ ಈಗಾಗಲೇ ನಡೆಯುತ್ತಿರುವ ಕೆಲಸಕ್ಕೆ ಅಂಟಿಸಿಕೊಂಡ ಹೊತ್ತು ಹೆಚ್ಚು ದಿನ ಬಾಳುತ್ತದೆ: ಡೈರಿಗೆ ಹಾಲು ಹಾಕಿ ಬಂದ ಮೇಲೆ, ಮಕ್ಕಳನ್ನು ಶಾಲೆಯ ಬಸ್ಸಿಗೆ ಹತ್ತಿಸಿದ ಮೇಲೆ, ಬೆಳಗಿನ ಕಾಫಿಗೆ ಮುಂಚೆ. ರಾತ್ರಿ ಮಲಗುವಾಗ ಮಾಡುತ್ತೇನೆ ಎಂದುಕೊಂಡವರಲ್ಲಿ ಬಹಳ ಮಂದಿ ವಾರದೊಳಗೆ ಬಿಡುತ್ತಾರೆ. ದಣಿದ ದೇಹ ನಿದ್ದೆಗೆ ಜಾರುತ್ತದೆ, ಇಲ್ಲವೇ ಕತ್ತಲಲ್ಲಿ ಚಿಂತೆ ಇನ್ನಷ್ಟು ಬೆಳೆಯುತ್ತದೆ.

ಕೂರುವ ಜಾಗ ಒಂದೇ ಇರಲಿ. ಫೋನ್ ಬೇರೆ ಕೋಣೆಯಲ್ಲಿರಲಿ. ಬೈಬಲ್ ಓದುವುದು ಫೋನಿನಲ್ಲೇ ಆದರೆ ಮೊದಲು ನೆಟ್ ಆಫ್ ಮಾಡಿ. ಮೊದಲ ಎರಡು ನಿಮಿಷ ಸುಮ್ಮನೆ ಉಸಿರಾಡಿ. ಉಸಿರು ಎಳೆಯುವಾಗ ಮನಸ್ಸಿನಲ್ಲೇ 'ಕರ್ತನೇ, ಯೇಸುವೇ' ಎನ್ನಿ, ಬಿಡುವಾಗ 'ನನಗೆ ಕರುಣೆ ತೋರು' ಎನ್ನಿ. ಹತ್ತು ಸಲ ಸಾಕು. ಆಮೇಲೆ ಬೈಬಲ್‌ನ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆಯನ್ನು ದನಿಯೆತ್ತಿ ಓದಿ. ಗಟ್ಟಿಯಾಗಿ ಓದಿದರೆ ಮನಸ್ಸು ಓಡಿಹೋದರೂ ಕಿವಿ ಅಲ್ಲೇ ಇರುತ್ತದೆ. ಐದು ನಿಮಿಷವಾಯಿತು. ನಂತರ ಇವತ್ತು ಯಾವುದು ನಿಮಗೆ ಭಯವೋ ಅದನ್ನು ಹೆಸರು ಹಿಡಿದು ದೇವರಿಗೆ ಹೇಳಿ: 'ಸೋಮವಾರ ಕಂತು ಕಟ್ಟಬೇಕು, ದುಡ್ಡಿಲ್ಲ' ಎನ್ನುವಷ್ಟು ಬಿಡಿಸಿ ಹೇಳಿ. 'ನನ್ನ ಕಷ್ಟವನ್ನೆಲ್ಲ ನೋಡಿಕೋ' ಎಂದು ಒಟ್ಟಾಗಿ ಹೇಳಿ ಎದ್ದರೆ ಹೊರೆ ಇಳಿಯುವುದಿಲ್ಲ. ಕೊನೆಗೆ ಕರ್ತನು ಕಲಿಸಿದ ಪ್ರಾರ್ಥನೆಯನ್ನು ನಿಧಾನವಾಗಿ ಹೇಳಿ ಏಳಿ.

ಮಾತೇ ಬಾರದ ದಿನ ಸಭೆಯ ಮಾತುಗಳನ್ನು ಎರವಲು ಪಡೆಯಿರಿ. ಕಥೋಲಿಕರಿಗೆ ಜಪಸರ ಇರುವುದೇ ಇದಕ್ಕೆ. ಐದು ರಹಸ್ಯ (ಯೇಸು, ಮರಿಯಮ್ಮನವರ ಬದುಕಿನ ಐದು ಪ್ರಸಂಗಗಳನ್ನು ನೆನೆಯುತ್ತ ಮಾಡುವ ಜಪ) ಪೂರ್ತಿ ಹೇಳಲು ಸುಮಾರು ಇಪ್ಪತ್ತು ನಿಮಿಷ ಬೇಕು. ಆಗದಿದ್ದರೆ ಒಂದೇ ರಹಸ್ಯ, ಹತ್ತು ಮಣಿ, ನಾಲ್ಕೈದು ನಿಮಿಷ. ಬೆರಳಿಗೆ ಮಣಿ ಸಿಕ್ಕರೆ ನಡುಗುವ ಕೈಗೂ ಒಂದು ಕೆಲಸ ಸಿಗುತ್ತದೆ. ಸಿಎಸ್‌ಐನವರು ಕಂಠಪಾಠವಾಗಿರುವ ಒಂದು ಸಂಗೀತವನ್ನು ಹಾಡಿಕೊಳ್ಳಬಹುದು. ಏನೂ ಆಗದಿದ್ದರೆ ಸುಮ್ಮನೆ ಕೂತಿರಿ. ನಾವು ಹೇಗೆ ಪ್ರಾರ್ಥಿಸಬೇಕೆಂದು ತಿಳಿಯದಿರುವಾಗ ಮಾತಿಗೆ ನಿಲುಕದ ನರಳಾಟದಿಂದ ಪವಿತ್ರಾತ್ಮನೇ ನಮಗಾಗಿ ಬೇಡುತ್ತಾನೆ ಎಂದು ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿದೆ.

ಮೊದಲ ದಿನದ ಉತ್ಸಾಹದಲ್ಲಿ ಗಂಟೆಗಟ್ಟಲೆ ಹರಕೆ ಹೊರುವುದು ದೊಡ್ಡ ತಪ್ಪು. ನಾಲ್ಕನೇ ದಿನ ತಪ್ಪುತ್ತದೆ, ಐದನೇ ದಿನ ತಪ್ಪಿತಲ್ಲ ಎಂಬ ಅಪರಾಧಭಾವ ಬರುತ್ತದೆ, ಆರನೇ ದಿನ ಪ್ರಾರ್ಥನೆಯ ಹೆಸರೆತ್ತಿದರೇ ಭಯ. ಒಂದು ದಿನ ತಪ್ಪಿದರೆ ಮಾರನೆಯ ದಿನ ಅದೇ ಹದಿನೈದು ನಿಮಿಷ ಮಾಡಿ. ಬಾಕಿ ತೀರಿಸಲು ಹೋಗಬೇಡಿ.

ಬೈಬಲ್‌ನಲ್ಲಿ ಯಾವುದನ್ನು ಓದಲಿ? ಕಣ್ಣು ಮುಚ್ಚಿ ಒಂದು ಪುಟ ತೆರೆದರೆ ದೇವರು ಉತ್ತರ ಕೊಡುವುದಿಲ್ಲವೇ?

ಹಾಗೆ ತೆರೆಯಬೇಡಿ. ಭಯದಲ್ಲಿರುವವನಿಗೆ ಯಾವ ಪುಟ ಸಿಕ್ಕರೂ ಅದು ತೀರ್ಪಿನಂತೆಯೇ ಕಾಣುತ್ತದೆ. ಹಿಂದಿನ ಸಾಲು, ಮುಂದಿನ ಸಾಲು ಗೊತ್ತಿಲ್ಲದ ಒಂದು ವಾಕ್ಯವನ್ನು ಹಿಡಿದು ಮನೆ ಮಾರಿದವರೂ ಇದ್ದಾರೆ, ಮದುವೆ ಮುರಿದವರೂ ಇದ್ದಾರೆ.

ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು. 16 ಅಧ್ಯಾಯ, ದಿನಕ್ಕೊಂದರಂತೆ 16 ದಿನ. 4ನೇ ಅಧ್ಯಾಯದಲ್ಲಿ ಬಿರುಗಾಳಿಯ ಪ್ರಸಂಗ ಬರುತ್ತದೆ. ದೋಣಿಯಲ್ಲಿ ಸ್ವಾಮಿ ಇದ್ದರು, ಆದರೂ ದೋಣಿಗೆ ನೀರು ತುಂಬಿತು. 'ನಾವು ಮುಳುಗುತ್ತಿದ್ದೇವೆ, ನಿಮಗೆ ಚಿಂತೆಯಿಲ್ಲವೇ' ಎಂದು ಶಿಷ್ಯರು ಕೂಗಿಕೊಂಡರು. ಆ ಕೂಗೂ ಪ್ರಾರ್ಥನೆಯೇ.

ಜೊತೆಗೆ ಕೀರ್ತನೆಗಳು. 150ರಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಗೋಳಿನ ಕೀರ್ತನೆಗಳೇ. 13ನೇ ಕೀರ್ತನೆಯಲ್ಲಿ ಆರೇ ವಚನ: ಮೊದಲ ಎರಡು 'ಎಲ್ಲಿಯವರೆಗೆ?' ಎಂಬ ದೂರು, ನಡುವಿನ ಎರಡು ಬೇಡಿಕೆ, ಕೊನೆಯ ಎರಡು ಭರವಸೆ. ಇದನ್ನು ಮಾದರಿಯಾಗಿ ಇಟ್ಟುಕೊಂಡು ನಿಮ್ಮದೇ ಆರು ಸಾಲನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಭರವಸೆಯ ಸಾಲು ಇನ್ನೂ ಬರದಿದ್ದರೆ ಎರಡು ಗೆರೆ ಖಾಲಿ ಬಿಡಿ, ಸುಳ್ಳು ಬರೆಯಬೇಡಿ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ಪವಿತ್ರ ಗ್ರಂಥದ ಭಾಗವೇ.

ನಾಳೆಯ ಚಿಂತೆ ಹೆಚ್ಚಿದ್ದರೆ ಮತ್ತಾಯ 6, ಸೆರೆಮನೆಯಿಂದ ಬರೆದ ಫಿಲಿಪ್ಪಿಯವರ ಪತ್ರ. ಎಲ್ಲ ಕಳೆದುಕೊಂಡೆ ಎನಿಸಿದರೆ ಪ್ರಲಾಪಗಳ 3ನೇ ಅಧ್ಯಾಯ. ಯೆರೆಮೀಯ 29ರ 11ನೇ ವಚನವನ್ನು ಕ್ಯಾಲೆಂಡರಿನಲ್ಲಿ ಎಲ್ಲರೂ ನೋಡಿರುತ್ತೀರಿ, ಒಳ್ಳೆಯ ಭವಿಷ್ಯದ ಮಾತು. ಅದರ ಹಿಂದಿನ ವಚನಗಳನ್ನೂ ಓದಿ: ಸೆರೆ 70 ವರ್ಷ ಇರುತ್ತದೆ, ಅಲ್ಲಿಯೇ ಮನೆ ಕಟ್ಟಿರಿ, ತೋಟ ಮಾಡಿರಿ, ಆ ಊರಿನ ಒಳಿತಿಗೆ ಪ್ರಾರ್ಥಿಸಿರಿ ಎಂದಿದೆ. ನಾಳೆಯೇ ಎಲ್ಲ ಸರಿಹೋಗುತ್ತದೆ ಎಂಬ ಮಾತಿಗಿಂತ ಇದು ಎಷ್ಟೋ ಪಾಲು ಹೆಚ್ಚು ಆಸರೆ ಕೊಡುತ್ತದೆ.

ದೇವರ ಮೇಲೆ ಸಿಟ್ಟು ಬರುತ್ತಿದೆ. ಇದು ಪಾಪವಲ್ಲವೇ?

ಯೋಬನ ಪುಸ್ತಕದ 42ನೇ ಅಧ್ಯಾಯ ನೋಡಿ. ಅಧ್ಯಾಯಗಟ್ಟಲೆ ದೇವರನ್ನು ಪ್ರಶ್ನಿಸಿದವನು ಯೋಬ. ದೇವರ ಪರವಾಗಿ ವಾದ ಮಾಡಿದವರು ಅವನ ಸ್ನೇಹಿತರು. ಕೊನೆಗೆ ದೇವರು ಕೋಪಿಸಿಕೊಂಡದ್ದು ಆ ಸ್ನೇಹಿತರ ಮೇಲೆ. ಸಿಟ್ಟನ್ನು ದೇವರ ಮುಂದೆ ಹೇಳಿಕೊಂಡರೆ ಸಂಬಂಧ ಉಳಿದಿದೆ ಎಂದರ್ಥ. ಹೇಳದೆ ಒಳಗಿಟ್ಟುಕೊಂಡವರ ಸಿಟ್ಟು ಹೆಂಡತಿ ಮಕ್ಕಳ ಮೇಲೆ ಬೀಳುತ್ತದೆ.

ಇದು ನನ್ನ ಅಥವಾ ಹಿರಿಯರ ಪಾಪಕ್ಕೆ ಬಂದ ಶಿಕ್ಷೆಯೇ?

ಹುಟ್ಟುಕುರುಡನನ್ನು ಕಂಡು ಶಿಷ್ಯರು ಇದನ್ನೇ ಕೇಳಿದರು: ಪಾಪ ಮಾಡಿದವರು ಇವನೋ, ಇವನ ತಂದೆತಾಯಿಯೋ? ಇಬ್ಬರೂ ಅಲ್ಲ ಎಂದರು ಯೇಸು (ಯೋಹಾನ 9). ಸಿಲೋವದ ಗೋಪುರ ಬಿದ್ದು 18 ಮಂದಿ ಸತ್ತಾಗಲೂ, ಸತ್ತವರು ಉಳಿದವರಿಗಿಂತ ದೊಡ್ಡ ಪಾಪಿಗಳಲ್ಲ ಎಂದರು (ಲೂಕ 13). ಕುಡಿತದಿಂದ ಲಿವರ್ ಕೆಡುವಂತೆ ಕೆಲವು ತಪ್ಪುಗಳಿಗೆ ಅವುಗಳದ್ದೇ ಫಲವಿದೆ, ನಿಜ. ಆದರೆ ಮಗುವಿನ ಕಾಯಿಲೆಗೆ ಅಜ್ಜನ ಪಾಪವನ್ನು ಹುಡುಕಿ, ವಂಶದ ಶಾಪ ಬಿಡಿಸುತ್ತೇನೆ ಎಂದು ಯಾರಾದರೂ ಬಂದರೆ ಬಾಗಿಲು ಹಾಕಿಕೊಳ್ಳಿ.

ರಾತ್ರಿ ಎರಡು ಮೂರು ಗಂಟೆಗೆ ಎಚ್ಚರವಾಗಿ ಎದೆ ಹೊಡೆದುಕೊಳ್ಳುತ್ತದೆ. ಏನು ಮಾಡಲಿ?

ಆ ಹೊತ್ತಿನಲ್ಲಿ ಏನನ್ನೂ ತೀರ್ಮಾನಿಸಬೇಡಿ. ಫೋನ್ ಮುಟ್ಟಬೇಡಿ, ಲೆಕ್ಕ ಹಾಕಬೇಡಿ. ತಲೆದಿಂಬಿನ ಬಳಿ ಒಂದು ಹಾಳೆ, ಪೆನ್ನು ಇಟ್ಟುಕೊಂಡಿರಿ. ತಲೆಯಲ್ಲಿ ಸುತ್ತುತ್ತಿರುವುದನ್ನು ಎರಡು ಸಾಲಾಗಿ ಬರೆಯಿರಿ: ಒಂದು ಕಡೆ ನಾಳೆ ನಾನು ಮಾಡಬಹುದಾದದ್ದು, ಇನ್ನೊಂದು ಕಡೆ ನನ್ನ ಕೈಯಲ್ಲಿಲ್ಲದ್ದು. ಎರಡನೆಯ ಸಾಲನ್ನು ಓದಿ 'ಇದು ನಿನ್ನ ಪಾಲು, ಕರ್ತನೇ' ಎಂದು ಹಾಳೆ ಮಡಚಿಡಿ. ಬಾಯಿಪಾಠವಿರುವ 23ನೇ ಕೀರ್ತನೆಯನ್ನು ಉಸಿರಿನ ಲಯಕ್ಕೆ ಹೇಳಿಕೊಳ್ಳಿ. ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆಡೆ ಕೂತು, ಕಣ್ಣು ಎಳೆಯುವಾಗ ಮತ್ತೆ ಮಲಗಿ.

ಮರುಭೂಮಿಯಲ್ಲಿ ಇಸ್ರಾಯೇಲರಿಗೆ ದೇವರು ಕೊಟ್ಟ ಆಹಾರವಾದ ಮನ್ನ ಸಿಕ್ಕಿದ್ದು ದಿನಕ್ಕೆ ಬೇಕಾದಷ್ಟೇ. ನಾಳೆಗೆಂದು ಕೂಡಿಟ್ಟದ್ದು ಹುಳ ಬಿತ್ತು. ಅನುದಿನದ ಆಹಾರವನ್ನು ಬೇಡಲು ಕಲಿಸಿದ ಸ್ವಾಮಿ ಒಂದು ತಿಂಗಳ ಧೈರ್ಯವನ್ನು ಇವತ್ತೇ ಕೇಳಿ ಎನ್ನಲಿಲ್ಲ.

ಎದೆನೋವು ಎಡಗೈಗೆ, ದವಡೆಗೆ ಹರಡಿದರೆ, ಬೆವರು ಕಿತ್ತುಬಂದರೆ ಅದನ್ನು ಚಿಂತೆ ಎಂದುಕೊಂಡು ಸುಮ್ಮನಿರಬೇಡಿ, 108ಕ್ಕೆ ಕರೆ ಮಾಡಿ.

ಮನೋವೈದ್ಯರ ಮಾತ್ರೆ ತೆಗೆದುಕೊಂಡರೆ ನನ್ನ ವಿಶ್ವಾಸ ಕಡಿಮೆ ಎಂದಾಗುತ್ತದೆಯೇ?

ಆಗುವುದಿಲ್ಲ. ಪ್ರವಾದಿ ಎಲೀಯ ಜಾಲಿ ಗಿಡದ ಕೆಳಗೆ ಕೂತು 'ಸಾಕು, ನನ್ನ ಪ್ರಾಣ ತೆಗೆದುಕೋ' ಎಂದ (1 ಅರಸುಗಳು 19). ದೇವರು ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಮಲಗಲು ಬಿಟ್ಟರು, ದೂತ ರೊಟ್ಟಿ ನೀರು ಕೊಟ್ಟ, ಮತ್ತೆ ಮಲಗಿಸಿ ಮತ್ತೆ ಉಣಿಸಿದ. ಮಾತುಕತೆ ನಡೆದದ್ದು ಆಮೇಲೆ. ಕಥೋಲಿಕ ಬೈಬಲ್‌ನಲ್ಲಿರುವ ಸಿರಾಖನ ಗ್ರಂಥದ 38ನೇ ಅಧ್ಯಾಯ, ವೈದ್ಯನನ್ನು ಗೌರವಿಸು, ಔಷಧವನ್ನು ನೆಲದಿಂದ ಬೆಳೆಯಿಸಿದವನು ದೇವರೇ ಎನ್ನುತ್ತದೆ. ಮೈಸೂರಿಗೆ ಬಂದ ವೆಸ್ಲಿಯನ್ ಮಿಷನ್‌ನವರು ಪ್ರಾರ್ಥನೆ ಸಾಕೆಂದು ಸುಮ್ಮನಿರದೆ 1906ರಲ್ಲಿ ಆಸ್ಪತ್ರೆ ಕಟ್ಟಿದರು. ಮಂಡಿ ಮೊಹಲ್ಲದ ಮಿಷನ್ ಆಸ್ಪತ್ರೆ ಅದೇ.

ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಮನಸ್ಸು ಕುಸಿದಿದ್ದರೆ, ಇಷ್ಟದ ಕೆಲಸವೂ ಬೇಡವೆನಿಸಿದರೆ, ಊಟ ನಿದ್ದೆ ಏರುಪೇರಾಗಿದ್ದರೆ, ಬದುಕು ಬೇಡ ಅನ್ನಿಸುತ್ತಿದ್ದರೆ ವೈದ್ಯರನ್ನು ಕಾಣಬೇಕು. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಮಿಮ್ಸ್‌ನಲ್ಲೂ ಮನೋವೈದ್ಯ ವಿಭಾಗಗಳಿವೆ.

ಸಾಮಾನ್ಯವಾಗಿ ಕೆಡುವುದು ಇಲ್ಲಿ: ಖಿನ್ನತೆಯ ಮಾತ್ರೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಅಷ್ಟರೊಳಗೆ ಬಾಯಿ ಒಣಗುತ್ತದೆ, ಹೊಟ್ಟೆ ಕೆಡುತ್ತದೆ ಎಂದು ಬಿಡುತ್ತಾರೆ. ಇನ್ನು ಕೆಲವರು ಗುಣ ಕಂಡ ತಕ್ಷಣ, ದೇವರು ವಾಸಿ ಮಾಡಿದರು ಎಂದು ನಿಲ್ಲಿಸುತ್ತಾರೆ. ಗುಣ ಕಂಡ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಬೇಕು, ನಿಲ್ಲಿಸುವುದಾದರೂ ವೈದ್ಯರು ಹೇಳಿದಂತೆ ಹಂತ ಹಂತವಾಗಿ. 'ಮಾತ್ರೆ ಎಸೆದರೆ ಮಾತ್ರ ವಾಸಿಯಾಗುತ್ತದೆ' ಎಂದು ಪ್ರಾರ್ಥನಾಕೂಟದಲ್ಲಿ ಯಾರು ಹೇಳಿದರೂ ಕೇಳಬೇಡಿ. ಮೂರ್ಛೆರೋಗ, ಸಕ್ಕರೆ ಕಾಯಿಲೆ, ಬಿಪಿ ಮಾತ್ರೆಗಳಿಗೂ ಇದೇ ಮಾತು.

ಕಷ್ಟ ತೀರಲಿ ಎಂದು ಉಪವಾಸ ಮಾಡಬಹುದೇ?

ಆರೋಗ್ಯವಂತರು ಮಾಡಬಹುದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ ಬಿಟ್ಟರೆ ಸಕ್ಕರೆ ಅಂಶ ದಿಢೀರನೆ ಇಳಿದು ಎಚ್ಚರ ತಪ್ಪುವ ಅಪಾಯವಿದೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಖಿನ್ನತೆಯಿಂದ ಮೊದಲೇ ಊಟ ಬಿಟ್ಟವರು ಮಾಡಬಾರದು. ಬೂದಿ ಬುಧವಾರ, ಶುಭ ಶುಕ್ರವಾರದ ಕಡ್ಡಾಯ ಉಪವಾಸದಲ್ಲೂ ಕಥೋಲಿಕ ಸಭೆ 18ರಿಂದ 59 ವರ್ಷದವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ರೋಗಿಗಳನ್ನು ಬಿಡುತ್ತದೆ. ಊಟದ ಬದಲು ಟಿವಿ, ಕುಡಿತ, ಜಗಳದ ಮಾತು ಬಿಡಬಹುದು.

ಸಾಲ ಕುತ್ತಿಗೆಗೆ ಬಂದಿದೆ. ಪ್ರಾರ್ಥನೆಯಿಂದ ಸಾಲ ತೀರುತ್ತದೆಯೇ?

ಸಾಲ ತೀರುವುದು ಲೆಕ್ಕದಿಂದ. ಆ ಲೆಕ್ಕವನ್ನು ಕಣ್ಣು ತೆರೆದು ನೋಡುವ ಧೈರ್ಯ ಪ್ರಾರ್ಥನೆಯಿಂದ ಬರುತ್ತದೆ.

ಒಂದು ಹಾಳೆಯಲ್ಲಿ ಎಲ್ಲ ಸಾಲ ಬರೆಯಿರಿ: ಯಾರಿಂದ, ಅಸಲು ಎಷ್ಟು, ತಿಂಗಳಿಗೆ ಬಡ್ಡಿ ನೂರಕ್ಕೆ ಎಷ್ಟು, ಅಡವಿಟ್ಟದ್ದೇನು, ಮುಂದಿನ ಕಂತು ಯಾವತ್ತು. ಸೊಸೈಟಿ, ಬ್ಯಾಂಕು, ಸಂಘದ ಸಾಲ, ಕೈಸಾಲ, ಒಡವೆ ಸಾಲ ಯಾವುದನ್ನೂ ಬಿಡಬೇಡಿ. ಗಂಡ ಹೆಂಡತಿ ಇಬ್ಬರೂ ಕೂತು ಬರೆಯಿರಿ. ಮನೆಯವರಿಗೆ ಹೇಳದೆ ಬಚ್ಚಿಟ್ಟ ಒಂದು ಸಾಲವೇ ಬಹಳ ಮನೆಗಳನ್ನು ಒಡೆಯುತ್ತದೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ 36 ರೂಪಾಯಿ ಎಂಬುದನ್ನು ಬರೆದು ನೋಡಿದಾಗಲೇ ಮೊದಲು ಯಾವುದನ್ನು ತೀರಿಸಬೇಕೆಂದು ಕಾಣುತ್ತದೆ. ಒಂದು ಕಂತು ಕಟ್ಟಲು ಇನ್ನೊಂದು ಸಂಘದಲ್ಲಿ ಸಾಲ ಎತ್ತುವುದನ್ನು ಅವತ್ತೇ ನಿಲ್ಲಿಸಿ.

ಗೊತ್ತಿರಬೇಕಾದ ಹಕ್ಕುಗಳಿವೆ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಮೈಕ್ರೋಫೈನಾನ್ಸ್‌ನವರು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ, ಬೆದರಿಸುವಂತಿಲ್ಲ. ಕುಟುಂಬದ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರುವಂತೆ ಅವರು ಸಾಲ ಕೊಡುವಂತಿಲ್ಲ. ಬಲವಂತದ ವಸೂಲಿಯ ವಿರುದ್ಧ ಕರ್ನಾಟಕ ಸರ್ಕಾರ 2025ರಲ್ಲಿ ಕಾನೂನು ತಂದಿದೆ, ಪೊಲೀಸರಿಗೆ ದೂರು ಕೊಡಬಹುದು. ಕಾರ್ಖಾನೆಗೆ ಕಬ್ಬು ಸಾಗಿಸಿದವರಿಗೆ 14 ದಿನದೊಳಗೆ ಹಣ ಬರಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು ಎಂದು ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಉಚಿತ ಕಾನೂನು ನೆರವಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಸಹಾಯವಾಣಿ 15100. ಹೆಂಗಸರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಅಲ್ಲಿ ಆದಾಯದ ಮಿತಿ ಇಲ್ಲ.

ಸಭೆಯಲ್ಲಿ ಯಾರಿಗೆ ಹೇಳುವುದು? ಗುರುಗಳಿಗೆ ಅಥವಾ ಅಯ್ಯನವರಿಗೆ ಮೊದಲು. ಹಲವು ಕಥೋಲಿಕ ಧರ್ಮಕೇಂದ್ರಗಳಲ್ಲಿ ಸಂತ ವಿನ್ಸೆಂಟ್ ದೆ ಪೌಲರ ಸಂಘದವರು ಇರುತ್ತಾರೆ. ಅವರು ಇಬ್ಬಿಬ್ಬರಾಗಿ ಮನೆಗೆ ಬಂದು ನೋಡಿ ಅಕ್ಕಿ, ಮಕ್ಕಳ ಫೀಸು, ಔಷಧಿಗೆ ಸದ್ದಿಲ್ಲದೆ ನೆರವಾಗುತ್ತಾರೆ. ದೊಡ್ಡ ಸಾಲ ತೀರಿಸುವಷ್ಟು ಹಣ ಅವರಲ್ಲಿರುವುದಿಲ್ಲ. ಸಭೆಯವರೊಬ್ಬರಿಂದ ಕೈಸಾಲ ಪಡೆದರೆ ಬರೆದುಕೊಟ್ಟು ಪಡೆಯಿರಿ. ಬರಹವಿಲ್ಲದ ಸಾಲ ಸಾಕಷ್ಟು ಜನರನ್ನು ಭಾನುವಾರ ಚರ್ಚಿನಿಂದಲೇ ದೂರ ಮಾಡಿದೆ.

ಇಷ್ಟು ಸಾವಿರ ಕಾಣಿಕೆ ಕೊಟ್ಟರೆ ಅದ್ಭುತ ನಡೆಯುತ್ತದೆ ಎನ್ನುತ್ತಾರೆ. ಕೊಡಲೇ?

ಬೇಡ. ದೇವರ ಕೃಪೆಗೆ ದರಪಟ್ಟಿ ಇಲ್ಲ. ಹಣದಿಂದ ಪವಿತ್ರಾತ್ಮನ ವರವನ್ನು ಕೊಳ್ಳಲು ಬಂದ ಸೀಮೋನನನ್ನು ಪೇತ್ರ ಗದರಿಸಿ ಕಳಿಸಿದ (ಅಪೊಸ್ತಲರ ಕೃತ್ಯಗಳು 8). ಮೊತ್ತ ಹೇಳಿ ಕೇಳುವವರು, ಒಡವೆ ಬಿಚ್ಚಿಸುವವರು, ಗುಣವಾಗದಿದ್ದರೆ ನಿನ್ನ ವಿಶ್ವಾಸವೇ ಸಾಲದು ಎಂದು ತಪ್ಪನ್ನು ನಿಮ್ಮ ತಲೆಗೇ ಕಟ್ಟುವವರು, ಹೆಂಗಸರನ್ನು ಒಬ್ಬೊಬ್ಬರಾಗಿ ಮುಚ್ಚಿದ ಕೋಣೆಗೆ ಪ್ರಾರ್ಥನೆಗೆ ಕರೆಯುವವರು, ಮನೆಯವರಿಗೆ ಹೇಳಬೇಡ ಎನ್ನುವವರು, ಇವರ ಬಳಿ ಎರಡನೇ ಸಲ ಹೋಗಬೇಡಿ. ಸಾಲ ಮಾಡಿ ಹರಕೆ ತೀರಿಸಬೇಕಾಗಿಯೂ ಇಲ್ಲ. ಕೈಲಾಗದ ಹರಕೆ ಹೊತ್ತಿದ್ದರೆ ಗುರುಗಳ ಬಳಿ ಹೇಳಿ, ಅದನ್ನು ಬದಲಿಸಲು ಸಭೆಯಲ್ಲಿ ದಾರಿಯಿದೆ.

ಪೌಲ ತನ್ನ ಮೈಯಲ್ಲಿನ ಮುಳ್ಳು ಹೋಗಲೆಂದು ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ, 'ನನ್ನ ಕೃಪೆಯೇ ನಿನಗೆ ಸಾಕು' ಎಂಬ ಉತ್ತರ ಬಂತು. ಪೌಲನ ವಿಶ್ವಾಸ ಸಾಲದಾಯಿತು ಎಂದು ಯಾರೂ ಹೇಳಲಾರರು.

ಗುರುಗಳನ್ನು ಕಾಣಲು ಸಂಕೋಚ. ಹೇಗೆ ಶುರು ಮಾಡಲಿ?

ಭಾನುವಾರದ ಪೂಜೆ ಮುಗಿದ ಗದ್ದಲದಲ್ಲಿ ಬೇಡ. ಆಗ ಹತ್ತು ಜನ ಕಾದಿರುತ್ತಾರೆ, ಅರ್ಧ ಮಾತಿಗೇ ಆಶೀರ್ವಾದ ಪಡೆದು ಬರುತ್ತೀರಿ. ಹಿಂದಿನ ದಿನ ಫೋನ್ ಮಾಡಿ, 'ಫಾದರ್, ಅರ್ಧ ಗಂಟೆ ಮಾತನಾಡಬೇಕಿತ್ತು, ವಾರದ ದಿನ ಯಾವಾಗ ಬರಲಿ?' ಎಂದು ಕೇಳಿ. ಹೋದಾಗ ಮೊದಲ ಮಾತಿಗೇ ವಿಷಯಕ್ಕೆ ಬನ್ನಿ: ಏನಾಗಿದೆ, ಎಷ್ಟು ದಿನದಿಂದ, ಅವರಿಂದ ನಿಮಗೆ ಬೇಕಾದದ್ದು ಪ್ರಾರ್ಥನೆಯೋ, ಸಲಹೆಯೋ, ಬರೀ ಕೇಳಿಸಿಕೊಳ್ಳುವ ಕಿವಿಯೋ. ಪಾಪನಿವೇದನೆಯಲ್ಲಿ ಹೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ ಹೊರಗೆ ಹೇಳುವಂತಿಲ್ಲ. ಮಾಮೂಲು ಮಾತುಕತೆಗೆ ಆ ನಿಯಮ ಅಷ್ಟು ಕಟ್ಟುನಿಟ್ಟಾಗಿಲ್ಲ, ಆದ್ದರಿಂದ 'ಇದು ನಮ್ಮಿಬ್ಬರಲ್ಲೇ ಇರಲಿ' ಎಂದು ಬಾಯಿಬಿಟ್ಟು ಕೇಳಿಕೊಳ್ಳಿ. ಹೆಂಗಸರು ಜೊತೆಗೆ ಒಬ್ಬರನ್ನು ಕರೆದೊಯ್ಯಬಹುದು, ಸಿಸ್ಟರ್ ಒಬ್ಬರ ಬಳಿಯೂ ಹೇಳಿಕೊಳ್ಳಬಹುದು.

ರೋಗಿಗಳ ಅಭ್ಯಂಗಕ್ಕೆ (ಗುರುಗಳು ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರಕ್ಕೆ) ಕೊನೆಯುಸಿರಿನವರೆಗೆ ಕಾಯಬೇಡಿ. ದೊಡ್ಡ ಆಪರೇಷನ್‌ಗೆ ಮುಂಚೆಯೂ ಕೇಳಬಹುದು.

ಗಂಡ ಕುಡಿದು ಹೊಡೆಯುತ್ತಾರೆ. ಸಹಿಸಿಕೊಳ್ಳುವುದೇ ನನ್ನ ಶಿಲುಬೆಯೇ?

ಅಲ್ಲ. ಹೊಡೆತ ತಿನ್ನುವುದನ್ನು ದೇವರ ಚಿತ್ತ ಎನ್ನುವುದು ದೇವರ ಮೇಲೆ ಸುಳ್ಳು ಹೇಳಿದಂತೆ. ಹೆರೋದ ಅರಸ ಮಗು ಯೇಸುವನ್ನು ಕೊಲ್ಲಲು ಹೊಂಚಿದಾಗ ಯೋಸೇಫ ಮಗುವನ್ನೂ ತಾಯಿಯನ್ನೂ ಕರೆದುಕೊಂಡು ರಾತ್ರೋರಾತ್ರಿ ಐಗುಪ್ತಕ್ಕೆ ಹೋದ. ಅಪಾಯದಿಂದ ದೂರ ಹೋಗುವುದು ಅವಿಶ್ವಾಸವಲ್ಲ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಶಾಲೆಯ ದಾಖಲೆಗಳನ್ನು ಒಂದು ಚೀಲದಲ್ಲಿ ಹಾಕಿ ನಂಬಿಕೆಯ ಮನೆಯಲ್ಲಿಡಿ. ಕ್ಷಮೆ ಬೇರೆ, ಮತ್ತೆ ಅದೇ ಮನೆಗೆ ಹೋಗುವುದು ಬೇರೆ. ಅವರು ಕುಡಿತಕ್ಕೆ ಚಿಕಿತ್ಸೆ ಪಡೆದು ತಿಂಗಳುಗಟ್ಟಲೆ ಸರಿಯಾಗಿ ನಡೆದುಕೊಂಡರೆ ಆಗ ನೋಡಬಹುದು, ಒಂದು ರಾತ್ರಿಯ ಕಣ್ಣೀರಿಗೆ ಕರಗಬೇಡಿ.

ಮನೆಯಲ್ಲಿ ಸಾವಾಗಿದೆ. ಎಲ್ಲರೂ 'ದೇವರ ಚಿತ್ತ, ಅಳಬೇಡಿ' ಎನ್ನುತ್ತಾರೆ.

ಸತ್ತ ಗೆಳೆಯ ಲಾಜರನನ್ನು ಎಬ್ಬಿಸುವೆನೆಂದು ತಿಳಿದಿದ್ದೂ ಯೇಸು ಅವನ ಸಮಾಧಿಯ ಬಳಿ ಅತ್ತರು. ನೀವೂ ಅಳಿ.

ಏಳನೇ ದಿನದ ಪೂಜೆ, ತಿಂಗಳ ಪೂಜೆ, ವರ್ಷದ ಪೂಜೆ, ನವೆಂಬರ್ 2ರಂದು ಸಮಾಧಿ ಶುಚಿ ಮಾಡಿ ಹೂವು, ಮೇಣದ ಬತ್ತಿ ಇಡುವುದು, ಇವೆಲ್ಲ ದುಃಖಕ್ಕೆ ಒಂದು ದಿನ, ಒಂದು ಜಾಗ, ಜೊತೆಗೆ ನಾಲ್ಕು ಜನ ಇರುವಂತೆ ಮಾಡುತ್ತವೆ. ಸಿಎಸ್‌ಐ ಮನೆಗಳಲ್ಲಿ ಗೃಹಪ್ರಾರ್ಥನೆ ಈ ಕೆಲಸ ಮಾಡುತ್ತದೆ. ಇವನ್ನು ಊರೂಟದ ಖರ್ಚಿನ ಜೊತೆ ತಳುಕು ಹಾಕಬೇಡಿ. ಸಾಲ ಮಾಡಿ ಊಟ ಹಾಕಿಸಬೇಕೆಂದು ಯಾವ ಸಭೆಯೂ ಕೇಳುವುದಿಲ್ಲ. ಬಹಳ ಮಂದಿಗೆ ಮೊದಲ ವಾರಕ್ಕಿಂತ ಎರಡನೇ, ಮೂರನೇ ತಿಂಗಳು ಹೆಚ್ಚು ಕಷ್ಟ. ನೆಂಟರೆಲ್ಲ ಹೋಗಿ ಮನೆ ಖಾಲಿಯಾದ ಹೊತ್ತು ಅದು. ಆ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಬಂದು ಕೂರಲು ಒಬ್ಬರನ್ನು ಮೊದಲೇ ಕೇಳಿಕೊಂಡಿರಿ. ಸತ್ತವರು ತಾವೇ ಜೀವ ತೆಗೆದುಕೊಂಡಿದ್ದರೂ ಪ್ರಾರ್ಥನೆ ಉಂಟು, ಕಥೋಲಿಕ ಧರ್ಮೋಪದೇಶವೂ ಅವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದು ಎನ್ನುತ್ತದೆ.

ಮೊದಲಿದ್ದ ಭಕ್ತಿಯೇ ಈಗಿಲ್ಲ. ಎಲ್ಲ ಒಣಗಿದಂತಿದೆ. ಸಭೆ ಬಿಟ್ಟುಬಿಡಲೇ?

ಈಗ ಬೇಡ. ಮನಸ್ಸು ಕತ್ತಲಲ್ಲಿರುವಾಗ, ಬೆಳಕಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬಾರದು ಎಂಬುದು ಲೊಯೋಲದ ಸಂತ ಇಗ್ನೇಷಿಯಸ್ ಕೊಟ್ಟ ನಿಯಮ. ಮದುವೆ, ಕೆಲಸ, ಸಭೆ, ಊರು ಇವುಗಳ ಬಗ್ಗೆ ದೊಡ್ಡ ತೀರ್ಮಾನಗಳನ್ನು ಮುಂದಕ್ಕೆ ಹಾಕಿ. (ಜೀವಕ್ಕೆ ಅಪಾಯವಿದ್ದರೆ ಮಾತ್ರ ಈ ನಿಯಮ ಅನ್ವಯಿಸದು, ಗಂಡ ಹೊಡೆಯುವ ಬಗ್ಗೆ ಮೇಲಿರುವ ಪ್ರಶ್ನೆ ನೋಡಿ.) ಹಾಡಲು ಆಗದಿದ್ದರೆ ಹಿಂದಿನ ಬೆಂಚಿನಲ್ಲಿ ಕೂತಿರಿ, ಉಳಿದವರು ಹಾಡುತ್ತಾರೆ.

ನಾನು ಕ್ರೈಸ್ತನಲ್ಲ. ಚರ್ಚಿಗೆ ಬಂದು ಕೂರಬಹುದೇ?

ಧಾರಾಳವಾಗಿ ಬನ್ನಿ. ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಕೆ.ಆರ್. ನಗರದ ಬಳಿಯ ದೋರನಹಳ್ಳಿಯ ಸಂತ ಅಂತೋಣಿಯವರಲ್ಲಿಗೆ, ಅದರಲ್ಲೂ ಜೂನ್ 13ರ ಹಬ್ಬಕ್ಕೆ, ಎಲ್ಲ ಮತದವರೂ ಬರುತ್ತಾರೆ. ಪೂಜೆಯಲ್ಲಿ ಕೂರಬಹುದು, ಪ್ರಾರ್ಥನೆ ಕೇಳಿಕೊಳ್ಳಬಹುದು. ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ, ಅಂದರೆ ಪರಮಪ್ರಸಾದ ಮಾತ್ರ ದೀಕ್ಷಾಸ್ನಾನ ಪಡೆದು ಸಿದ್ಧರಾದ ಕಥೋಲಿಕರಿಗೆ; ಸಾಲಿನಲ್ಲಿ ಹೋಗದೆ ಜಾಗದಲ್ಲೇ ಕೂತಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ಫಿಲೋಮಿನಾ ಚರ್ಚಿನಲ್ಲಿ ರಜಾದಿನ, ದಸರಾ ಸಮಯದಲ್ಲಿ ಪ್ರವಾಸಿಗರ ನೂಕುನುಗ್ಗಲು. ಮೌನ ಬೇಕಿದ್ದರೆ ವಾರದ ದಿನ ಬೆಳಗಿನ ಪೂಜೆಯ ಹೊತ್ತಿಗೆ ಹೋಗಿ. ಸಹಾಯ ಕೇಳಿ ಬಂದವರು ಮತ ಬದಲಿಸಬೇಕೆಂದು ಯಾರೂ ಷರತ್ತು ಹಾಕಬಾರದು. ಹಾಕಿದರೆ ಅದು ಕ್ರಿಸ್ತನ ದಾರಿಯಲ್ಲ.

ನೆರೆಮನೆಯವರು ಕಷ್ಟದಲ್ಲಿದ್ದಾರೆ. ಪ್ರಾರ್ಥಿಸುವುದರ ಜೊತೆಗೆ ಏನು ಮಾಡಲಿ?

'ಏನಾದರೂ ಬೇಕಿದ್ದರೆ ಹೇಳಿ' ಎಂದರೆ ಯಾರೂ ಹೇಳುವುದಿಲ್ಲ. 'ಮಂಗಳವಾರ ರಾತ್ರಿ ಮುದ್ದೆ, ಉಪ್ಸಾರು ನಾನು ತರುತ್ತೇನೆ', 'ನಾಳೆ ಆಸ್ಪತ್ರೆಯಲ್ಲಿ ರಾತ್ರಿ ನಾನಿರುತ್ತೇನೆ, ನೀವು ಮನೆಗೆ ಹೋಗಿ ಮಲಗಿ' ಎಂದು ದಿನ ಹೇಳಿ, ಕೆಲಸ ಹೇಳಿ. ಒಂದು ಕೂಟದಲ್ಲಿ ಆರೇಳು ಮನೆಯಿದ್ದರೆ ಊಟ, ಆಸ್ಪತ್ರೆಯ ಪಾಳಿ, ದನಕರು, ಮಕ್ಕಳ ಶಾಲೆ ಎಂದು ಹಂಚಿಕೊಳ್ಳಿ. ಒಬ್ಬರ ಮೇಲೇ ಬಿದ್ದರೆ ಹತ್ತು ದಿನಕ್ಕೆ ಅವರೂ ಹಾಸಿಗೆ ಹಿಡಿಯುತ್ತಾರೆ. ಯೋಬನ ಸ್ನೇಹಿತರು ಮೊದಲ ಏಳು ದಿನ ಮಾತನಾಡದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಅವರು ಕೆಟ್ಟದ್ದು ಬಾಯಿ ತೆರೆದ ಮೇಲೆ. ನೆರೆಮನೆಯವರ ಕಷ್ಟವನ್ನು ಅವರನ್ನು ಕೇಳದೆ ವಾಟ್ಸಾಪ್ ಪ್ರಾರ್ಥನಾ ಗುಂಪಿಗೆ ಹಾಕಬೇಡಿ.

ಸಾಯುವ ಮಾತಾಡಿದರೆ ತಮಾಷೆ ಎಂದುಕೊಳ್ಳಬೇಡಿ. 'ಜೀವ ತೆಗೆದುಕೊಳ್ಳುವ ಯೋಚನೆ ಬಂದಿದೆಯಾ?' ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಕ್ರಿಮಿನಾಶಕದ ಬಾಟಲಿಗಳನ್ನೂ ಹೆಚ್ಚಿನ ಮಾತ್ರೆಗಳನ್ನೂ ಅಲ್ಲಿಂದ ತೆಗೆಸಿ, 14416ಕ್ಕೆ ಅವರ ಪಕ್ಕದಲ್ಲೇ ಕೂತು ಕರೆ ಮಾಡಿ. ವಿಷ ಕುಡಿದಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಬಾಟಲಿಯನ್ನೂ ಜೊತೆಗಿಟ್ಟುಕೊಂಡು ನೇರ ಆಸ್ಪತ್ರೆಗೆ ಓಡಿ.

ಸಂಜೆಯ ಕುಟುಂಬ ಪ್ರಾರ್ಥನೆಗೆ ಮಕ್ಕಳು ಕೂರುವುದೇ ಇಲ್ಲ.

ಹತ್ತು ನಿಮಿಷಕ್ಕೆ ಮುಗಿಸಿ. ಒಂದು ಹಾಡು, ಐದಾರು ವಚನ, ಒಬ್ಬೊಬ್ಬರೂ ಇವತ್ತಿನ ಒಂದು ಸಂತೋಷ, ಒಂದು ಭಯ ಹೇಳುವುದು, ಕೊನೆಗೆ ಕರ್ತನು ಕಲಿಸಿದ ಪ್ರಾರ್ಥನೆ. ವಚನವನ್ನು ಮಕ್ಕಳೇ ಓದಲಿ, ತಡವರಿಸಿದರೆ ತಿದ್ದಬೇಡಿ. ಪ್ರಾರ್ಥನೆಯ ನೆಪದಲ್ಲಿ ಅವರ ಮಾರ್ಕ್ಸ್ ಬಗ್ಗೆ ದೇವರ ಮುಂದೆ ಚಾಡಿ ಹೇಳುವುದನ್ನು ಬಿಟ್ಟರೆ ಅವರು ತಾವಾಗಿ ಬಂದು ಕೂರುವ ಸಾಧ್ಯತೆ ಹೆಚ್ಚು. ಮನೆಯ ಕಷ್ಟವನ್ನು ಅವರಿಂದ ಪೂರ್ತಿ ಮುಚ್ಚಿಡಬೇಡಿ. 'ಅಪ್ಪನಿಗೆ ಕೆಲಸ ಹೋಗಿದೆ, ಹುಡುಕುತ್ತಿದ್ದೇವೆ, ನಿಮ್ಮ ಶಾಲೆ ಮುಂದುವರಿಯುತ್ತದೆ' ಎನ್ನುವಷ್ಟು ಅವರ ವಯಸ್ಸಿಗೆ ತಕ್ಕಂತೆ ಹೇಳಿ, ಆಮೇಲೆ ಊಟಕ್ಕೆ ಬಡಿಸಿ.